ನುಡಿಸಿದವರು ಯಾರು? ಜಾಝ್ ರಸಿಕರ ಚರ್ಚೆಗಳನ್ನು ಕುರಿತು ಒಂದು ಅಧ್ಯಯನ

ಸಂಗೀತವನ್ನು ಕೇಳಿ ಸುಖಿಸುವವರು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಕೇಳಿದ ಸಂಗೀತವನ್ನು ಯಾರು ನುಡಿಸಿದರು, ಯಾವ ದಿನ ನುಡಿಸಿದರು, ಆ ದಿನ ಆ ಕೋಣೆಯಲ್ಲಿ ಯಾರು ಯಾರಿದ್ದರು ಎಂಬುದನ್ನು ಊಟ ನಿದ್ರೆಗಳ ಪರಿವೆಯಿಲ್ಲದೆ ಚರ್ಚಿಸುವ ಒಂದು ರಸಿಕವರ್ಗವು ಅಮೆರಿಕದ ಜಾಝ್ ಸಂಗೀತದ ಸುತ್ತಲೂ ಬೆಳೆದುಬಂದಿದೆ. ಇಬ್ಬರು ಜಾಝ್ ರಸಿಕರು ಸೇರಿದಲ್ಲಿ ಕುಶಲಪ್ರಶ್ನೆ ಮುಗಿಯುವ ಮೊದಲೇ ಬೇರೆ ಪ್ರಶ್ನೆಗಳು ತಲೆಯೆತ್ತುತ್ತವೆ. ೧೯೫೯ರ ‘ಕೈಂಡ್ ಆಫ್ ಬ್ಲೂ’ ಎಂಬ ಮುದ್ರಿಕೆಯ ಎರಡನೆಯ ರಚನೆಯಲ್ಲಿ ಮಾತ್ರ ಪಿಯಾನೊ ನುಡಿಸಿದವನು ಯಾರು? ೧೯೫೩ರ ಟೊರಾಂಟೊ ಕಚೇರಿಯ ತಟ್ಟೆಯ ಮೇಲೆ ‘ಚಾರ್ಲಿ ಚಾನ್’ ಎಂಬ ಹೆಸರಿನ ಮರೆಯಲ್ಲಿರುವವನು ಯಾರು? ಬಲ್ಲವನು ಉತ್ತರ ಹೇಳಿ, ಅದಕ್ಕಿಂತ ಕಠಿನವಾದ ಮತ್ತೊಂದು ಪ್ರಶ್ನೆಯನ್ನು ಮುಂದೊಡ್ಡುತ್ತಾನೆ. ಹೀಗೆಯೇ ರಾತ್ರಿ ಕಳೆದುಹೋಗುತ್ತದೆ.

ಹೊರಗಿನವರಿಗೆ ಇದು ಬರಿಯ ಕಾಲಹರಣವಾಗಿ ತೋರಬಹುದು. ಕಾಸರಗೋಡು ಸೀಮೆಯವರಾದ ನಮಗೆ ಈ ವ್ಯಸನವು ಅಪರಿಚಿತವೇನೂ ಅಲ್ಲ. ಆಟ ಮುಗಿಸಿ ಬೆಳಗಿನ ಜಾವದಲ್ಲಿ ಗದ್ದೆಯ ಹುಣಿಯ ಮೇಲೆ ಮನೆಗೆ ಮರಳುವ ಹಿರಿಯರು, ಇಂಥ ವರ್ಷ ಇಂಥ ಬಯಲಿನಲ್ಲಿ ಕರ್ಣನ ವೇಷ ಯಾರದು, ಚೆಂಡೆಗೆ ನಿಂತವರು ಯಾರು, ನಡುರಾತ್ರಿಯ ಬಳಿಕ ಭಾಗವತಿಕೆ ಯಾರ ಪಾಲಿಗೆ ಬಂತು ಎಂದು ವಾದಿಸುವುದನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಅಂತಹ ಮಾತುಗಳನ್ನು ಬರೆದಿಟ್ಟುಕೊಂಡವರು ನಮ್ಮಲ್ಲಿ ಕಡಮೆ. ಜಾಝ್ ರಸಿಕರು ಬರೆದಿಟ್ಟುಕೊಂಡರು, ಪರಸ್ಪರ ಕಾಗದ ಬರೆದು ತಾಳೆನೋಡಿದರು, ಅಚ್ಚು ಹಾಕಿಸಿದರು. ಅವರ ಸಣ್ಣ ಸಣ್ಣ ಪ್ರಶ್ನೆಗಳಿಂದ ಒಂದು ಸಂಗೀತದ ಚರಿತ್ರೆಯೇ ಹೇಗೆ ಕಟ್ಟಲ್ಪಟ್ಟಿತು, ಅವೇ ಪ್ರಶ್ನೆಗಳು ಕೆಲವೆಡೆ ಆ ಚರಿತ್ರೆಯನ್ನು ಹೇಗೆ ಕೆಡಿಸಿದುವು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಜಾಝ್ ಸಂಗೀತವು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದಲ್ಲಿ, ಮಿಸಿಸಿಪಿ ನದಿಯ ದಡದಲ್ಲಿರುವ ನ್ಯೂ ಆರ್ಲಿಯನ್ಸ್ ನಗರದಲ್ಲಿ, ೧೯೦೦ರ ಆಸುಪಾಸಿನಲ್ಲಿ ರೂಪುಗೊಂಡಿತು. ಅದನ್ನು ಕಟ್ಟಿದವರು ಬಹುಮಟ್ಟಿಗೆ ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಮಕ್ಕಳು, ಮೊಮ್ಮಕ್ಕಳು. ಗುಲಾಮಗಿರಿಯು ೧೮೬೫ರಲ್ಲಿ ಕಾನೂನಿನಿಂದ ಅಳಿದಿತ್ತು, ಅವಮಾನವು ಅಳಿದಿರಲಿಲ್ಲ. ಪಟಾಲಮ್ಮಿನ ಬ್ಯಾಂಡಿನ ವಾದ್ಯಗಳಾದ ಕಾರ್ನೆಟ್, ಟ್ರಾಂಬೋನ್, ಕ್ಲಾರಿನೆಟ್ಟುಗಳನ್ನು ಹಿಡಿದು ಅವರು ಶವಯಾತ್ರೆಗಳಲ್ಲಿಯೂ ನೃತ್ಯಶಾಲೆಗಳಲ್ಲಿಯೂ ನುಡಿಸಿದರು. ಈ ಸಂಗೀತದ ಜೀವವೆಂದರೆ, ಕರ್ನಾಟಕ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ, ಮನೋಧರ್ಮ. ರಚನೆಯೊಂದರ ಮಟ್ಟನ್ನು ಒಮ್ಮೆ ನುಡಿಸಿ, ಅದರ ಆವರ್ತವು ತಿರುಗುತ್ತಿರುವಂತೆಯೇ ಒಬ್ಬೊಬ್ಬ ವಾದಕನು ತನ್ನ ಕಲ್ಪನೆಯಿಂದ ಹೊಸದನ್ನು ಹೆಣೆಯುತ್ತಾನೆ. ಇಂದು ನುಡಿಸಿದುದು ನಾಳೆ ಇಲ್ಲ. ಕಾಗದದ ಮೇಲೆ ಅದು ನಿಲ್ಲುವುದೂ ಇಲ್ಲ. ಆದುದರಿಂದ ಜಾಝಿನ ಪಾಲಿಗೆ ಗ್ರಾಮಫೋನ್ ತಟ್ಟೆಯು ಕೇವಲ ಮಾರಾಟದ ಸರಕಾಗಿರದೆ ಮೂಲಗ್ರಂಥವೇ ಆಯಿತು. ನಮ್ಮ ಪಂಡಿತರಿಗೆ ತಾಳೆಗರಿಯ ಪ್ರತಿಯು ಹೇಗೋ ಜಾಝ್ ರಸಿಕನಿಗೆ ಆ ಕಪ್ಪು ತಟ್ಟೆಯು ಹಾಗೆ.

ಮೊದಲ ಜಾಝ್ ತಟ್ಟೆಯು ಮುದ್ರಿತವಾದುದು ೧೯೧೭ನೆಯ ಇಸವಿಯ ಫೆಬ್ರವರಿ ೨೬ರಂದು, ನ್ಯೂಯಾರ್ಕಿನಲ್ಲಿ, ವಿಕ್ಟರ್ ಕಂಪೆನಿಯವರಿಂದ. ನುಡಿಸಿದವರು ನ್ಯೂ ಆರ್ಲಿಯನ್ಸಿನಿಂದ ಬಂದ ಐವರು ಬಿಳಿಯರು. ಆ ನಗರದ ಕರಿಯರ ಮೇಳವೊಂದರ ಜಾಝ್ ತಟ್ಟೆ ಹೊರಬರಲು ೧೯೨೨ರವರೆಗೆ ಕಾಯಬೇಕಾಯಿತು. ಟ್ರಾಂಬೋನ್ ವಾದಕ ಕಿಡ್ ಓರಿಯ ಮೇಳವು ಲಾಸ್ ಏಂಜಲೀಸ್ ನಗರದಲ್ಲಿ ನುಡಿಸಿದ ಆ ತಟ್ಟೆಗಳ ಮೇಲೆ ಮುದ್ರಣದ ಕಂಪೆನಿಯು ಮೇಳಕ್ಕೆ ಬೇರೆಯೇ ಹೆಸರನ್ನು ಅಚ್ಚು ಹಾಕಿತ್ತು. ಮೇಳದ ನಿಜನಾಮವಿರುವ ಲೇಬಲ್ಲನ್ನು ಅದರ ಮೇಲೆ ಅಂಟಿಸಿ ಮಾರಲಾಯಿತು. ಮೇಲಿನ ಕಾಗದವನ್ನು ಮೆಲ್ಲನೆ ಎಬ್ಬಿಸಿ ಕೆಳಗಿನದನ್ನು ಓದಿದ ರಸಿಕರ ಸಂತೋಷವನ್ನು, ಶಾಸನದ ಕಲ್ಲಿನಿಂದ ಸುಣ್ಣವನ್ನು ಕೆರೆದು ಅಕ್ಷರ ಕಂಡವರು ಮಾತ್ರ ಊಹಿಸಬಲ್ಲರು.

ಆ ಕಾಲದ ತಟ್ಟೆಗಳು ಅರಗಿನ ಮಿಶ್ರಣದಿಂದ ಆದವು. ಪ್ರಪಂಚಕ್ಕೆ ಬೇಕಾದ ಅರಗಿನ ಬಹುಭಾಗವು ನಮ್ಮ ಭಾರತದ ಕಾಡುಗಳಿಂದಲೇ ಹೋಗುತ್ತಿತ್ತು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ. ೧೯೨೫ರಲ್ಲಿ ವಿದ್ಯುತ್ ಯಂತ್ರಗಳು ಬರುವವರೆಗೂ ವಾದಕರು ಒಂದು ದೊಡ್ಡ ತಗಡಿನ ಕೊಳವೆಯ ಬಾಯಿಗೆ ಎದುರಾಗಿ ನಿಂತು ನುಡಿಸಬೇಕಾಗಿತ್ತು. ೧೯೨೩ರ ಏಪ್ರಿಲ್ ತಿಂಗಳಲ್ಲಿ ಕಿಂಗ್ ಆಲಿವರನ ಮೇಳವು ಇಂಡಿಯಾನಾ ಸಂಸ್ಥಾನದ ರಿಚ್ಮಂಡ್ ಎಂಬ ಊರಿಗೆ ಹೋಗಿ ಜೆನೆಟ್ ಕಂಪೆನಿಗಾಗಿ ಹೀಗೆ ನುಡಿಸಿತು. ಕೋಣೆಯ ಪಕ್ಕದಲ್ಲಿಯೇ ರೈಲುಹಳಿ. ಗಾಡಿ ಬಂದರೆ ಕೆಲಸವನ್ನು ನಿಲ್ಲಿಸಬೇಕು. ಆ ಮೇಳದ ಎರಡನೆಯ ಕಾರ್ನೆಟ್ ವಾದಕನು ಇಪ್ಪತ್ತೊಂದು ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್. ಆತನ ಶ್ವಾಸದ ಬಲಕ್ಕೆ ಗುರುವಾದ ಆಲಿವರನ ನಾದವು ಮುಳುಗಿಹೋಗುತ್ತಿದ್ದುದರಿಂದ ಆತನನ್ನು ಕೊಳವೆಯಿಂದ ಬಹುದೂರದಲ್ಲಿ ನಿಲ್ಲಿಸಿದರೆಂದು, ಮುಂದೆ ಆತನ ಪತ್ನಿಯಾದ, ಅದೇ ಮೇಳದ ಪಿಯಾನೊ ವಾದಕಿ ಲಿಲ್ ಹಾರ್ಡಿನ್ ಹೇಳಿದ್ದಾಳೆ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ತಟ್ಟೆಯ ನಡುವಿನ ಲೇಬಲ್ಲಿನಲ್ಲಿ ರಚನೆಯ ಹೆಸರೂ ಮೇಳದ ಹೆಸರೂ ಅಚ್ಚಾಗುತ್ತಿದ್ದುವು. ಮೇಳದೊಳಗಿನವರ ಹೆಸರುಗಳು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅವರಿಗೆ ಬಹುಮಟ್ಟಿಗೆ ಅಂದಿನ ಸಂಭಾವನೆಯನ್ನು ಎಣಿಸಿಕೊಟ್ಟರೆ ಅಲ್ಲಿಗೆ ಮುಗಿಯಿತು. ತಟ್ಟೆ ಸಾವಿರ ಹೋದರೂ ಲಕ್ಷ ಹೋದರೂ ಅವರಿಗೆ ಸಂಬಂಧವಿಲ್ಲ. ಕರಿಯರಿಗಾಗಿ ಮಾಡಿದ ತಟ್ಟೆಗಳನ್ನು ಕಂಪೆನಿಗಳು ಪ್ರತ್ಯೇಕವಾದ ಪಟ್ಟಿಯಲ್ಲಿ ಹಾಕಿ ಮಾರುತ್ತಿದ್ದುವು. ಒಂದೇ ಮುದ್ರಣವು ಬೇರೊಂದು ಅಗ್ಗದ ಲೇಬಲ್ಲಿನಲ್ಲಿ, ಬೇರೊಂದು ಸುಳ್ಳು ಮೇಳದ ಹೆಸರಿನಿಂದ ಅಂಗಡಿಗೆ ಬರುವುದೂ ಉಂಟಾಗಿತ್ತು. ಹೀಗಿರುವಲ್ಲಿ, ಕ್ಲಾರಿನೆಟ್ಟಿನ ಒಂದು ತಿರುವಿಗೆ ಮನಸೋತ ಕೇಳುಗನು ಅದನ್ನು ನುಡಿಸಿದವನ ಹೆಸರನ್ನು ತಿಳಿಯುವುದೆಂತು?

ಉಪಾಯವು ತಟ್ಟೆಯಲ್ಲಿಯೇ ಇತ್ತು. ಬಹುತೇಕ ತಟ್ಟೆಗಳಲ್ಲಿ ಗೀರುಗಳು ಮುಗಿದು ಲೇಬಲ್ಲು ತೊಡಗುವ ನಡುವಿನ ನುಣುಪಾದ ಬಳೆಯಂತಹ ಜಾಗದಲ್ಲಿ ಒಂದು ಅಂಕಿಯನ್ನು ಕೊರೆದಿರುತ್ತದೆ. ಅದು ಗಿರಾಕಿಗಾಗಿ ಕೊರೆದುದಲ್ಲ. ಕಾರ್ಖಾನೆಯವರು ಮೂಲ ಅಚ್ಚನ್ನು ಗುರುತಿಸಿಕೊಳ್ಳುವುದಕ್ಕಾಗಿ ಕೊರೆದುದು. ಕೆಲವು ಕಂಪೆನಿಗಳು ಅದರ ಪಕ್ಕದಲ್ಲಿ, ಅದು ಆ ರಚನೆಯನ್ನು ಎಷ್ಟನೆಯ ಸಲ ನುಡಿಸಿದಾಗಿನ ಮುದ್ರಣವೆಂಬುದನ್ನೂ ಗುರುತು ಮಾಡುತ್ತಿದ್ದುವು. ಲೇಬಲ್ಲು ಸುಳ್ಳು ಹೇಳಿದರೂ ಈ ಅಂಕಿಯು ಸುಳ್ಳು ಹೇಳುವುದು ಅಪೂರ್ವ. ಎರಡು ತಟ್ಟೆಗಳ ಹೆಸರು ಬೇರೆಯಾಗಿ ಅಂಕಿ ಒಂದೇ ಆಗಿದ್ದರೆ ಸಂಗೀತವೂ ಒಂದೇ. ಹೆಸರು ಒಂದೇ ಆಗಿದ್ದು ಸಲದ ಗುರುತು ಬೇರೆಯಾಗಿದ್ದರೆ ನಮ್ಮ ಕೈಯಲ್ಲಿರುವುದು ಒಂದು ಪಾಠಾಂತರ. ಮನೋಧರ್ಮದ ಸಂಗೀತದಲ್ಲಿ ಪಾಠಾಂತರವೆಂದರೆ ಇನ್ನೊಂದು ಕೃತಿಯೇ ಸರಿ. ಅಂಕಿಗಳನ್ನು ಸಾಲಾಗಿ ಜೋಡಿಸಿ, ನಡುವೆ ದಿನಾಂಕ ತಿಳಿದ ಒಂದೆರಡು ತಟ್ಟೆಗಳನ್ನು ಗೂಟದಂತೆ ನಿಲ್ಲಿಸಿದರೆ ಉಳಿದವುಗಳ ಕಾಲವೂ ಹೊರಬೀಳುತ್ತದೆ. ಗ್ರಂಥಸಂಪಾದನೆಯನ್ನು ಬಲ್ಲ ನಮ್ಮ ವಾಚಕರಿಗೆ ಈ ಕ್ರಮದಲ್ಲಿ ಹೊಸತೇನೂ ಕಾಣಿಸದು. ವಿಶೇಷವೇನೆಂದರೆ, ಇದನ್ನು ಕಂಡುಕೊಂಡವರು ವಿಶ್ವವಿದ್ಯಾನಿಲಯದ ಪಂಡಿತರಲ್ಲ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಮೊಣಕಾಲೂರಿ ತಟ್ಟೆಗಳನ್ನು ಹುಡುಕಿದ ತರುಣರು.

ಅಂತಹವರಲ್ಲಿ ಒಬ್ಬನು ಪ್ಯಾರಿಸಿನ ಶಾರ್ಲ್ ದೆಲೋನೆ. ಚಿತ್ರಕಾರ ದಂಪತಿಗಳ ಮಗನಾದ ಈತನು ೧೯೩೬ರಲ್ಲಿ ಪ್ರಕಟಿಸಿದ ‘ಹಾಟ್ ಡಿಸ್ಕಾಗ್ರಫಿ’ ಎಂಬ ಪುಸ್ತಕದಲ್ಲಿ ಕಥೆಯಿಲ್ಲ, ವರ್ಣನೆಯಿಲ್ಲ; ತಟ್ಟೆಗಳ ಅಂಕಿಗಳು, ಮೇಳಗಳು, ನುಡಿಸಿದವರ ಹೆಸರುಗಳು ಮಾತ್ರ. ಜರ್ಮನ್ ಸೇನೆಯು ಪ್ಯಾರಿಸನ್ನು ಹಿಡಿದಿದ್ದ ೧೯೪೩ರಲ್ಲಿಯೂ ಅದರ ಹೊಸ ಆವೃತ್ತಿಯೊಂದು ಹೊರಬಂದಿತೆಂದರೆ ಈ ಜನರ ಹಟವನ್ನು ಅಳೆಯಬಹುದು. ನ್ಯೂಯಾರ್ಕಿನಲ್ಲಿ ತಟ್ಟೆಗಳ ಅಂಗಡಿಯನ್ನಿಟ್ಟಿದ್ದ ಮಿಲ್ಟ್ ಗೇಬ್ಲರ್ ಎಂಬವನು ೧೯೩೦ರ ದಶಕದ ನಡುವಿನಲ್ಲಿ ಹಳೆಯ ತಟ್ಟೆಗಳನ್ನು ಮರುಮುದ್ರಿಸತೊಡಗಿದಾಗ, ನುಡಿಸಿದ ಪ್ರತಿಯೊಬ್ಬನ ಹೆಸರನ್ನೂ ವಾದ್ಯವನ್ನೂ ಲೇಬಲ್ಲಿನ ಮೇಲೆಯೇ ಅಚ್ಚು ಹಾಕಿಸಿದನು. ಅಲ್ಲಿಯವರೆಗೆ ಯಾರೂ ಕೇಳದಿದ್ದ ಬ್ಯಾಂಜೊ ವಾದಕನ ಹೆಸರು ಅಂಗೈಯಗಲದ ಕಾಗದದ ಮೇಲೆ ಬಂದಿತು. ನಮ್ಮ ಮಟ್ಟಿಗೆ ಹೇಳುವುದಾದರೆ, ಈ ರಸಿಕರ ಎಲ್ಲ ಕೆಲಸಗಳಲ್ಲಿ ಇದೊಂದೇ ಸಾಕು, ಅವರನ್ನು ಗೌರವಿಸಲು. ಇಂಗ್ಲೆಂಡಿನ ಬ್ರಯನ್ ರಸ್ಟ್ ೧೯೬೧ರಲ್ಲಿ ಜಾಝ್ ತಟ್ಟೆಗಳ ಬೃಹತ್ ಸೂಚಿಯನ್ನು ಹೊರತಂದನು. ಹಿಂದಿನವರ ತಪ್ಪುಗಳನ್ನು ಅವನು ತಿದ್ದಿದನು, ಅವನ ತಪ್ಪುಗಳನ್ನು ಮುಂದಿನವರು ತಿದ್ದಿದರು.

ಅಂಕಿಯೂ ಲೇಬಲ್ಲೂ ಕೈಕೊಟ್ಟಾಗ ಉಳಿಯುವ ಸಾಧನ ಕಿವಿಯೊಂದೇ. ಆರ್ಮ್‌ಸ್ಟ್ರಾಂಗನು ೧೯೨೫ರ ನವೆಂಬರಿನಲ್ಲಿ ಷಿಕಾಗೊ ನಗರದಲ್ಲಿ ‘ಹಾಟ್ ಫೈವ್’ ಎಂಬ ಐವರ ಮೇಳದೊಂದಿಗೆ ಓಕೆ ಕಂಪೆನಿಗಾಗಿ ನುಡಿಸತೊಡಗಿದನು. ಬೇರೆ ಕಂಪೆನಿಗೆ ನುಡಿಸಬಾರದೆಂಬ ಕರಾರು ಇತ್ತು. ಹೀಗಿದ್ದೂ ೧೯೨೬ರ ಮೇ ೨೮ರಂದು ಅದೇ ಐವರು ‘ಲಿಲ್ಸ್ ಹಾಟ್ ಷಾಟ್ಸ್’ ಎಂಬ ಹೆಸರಿನಲ್ಲಿ ವೊಕಾಲಿಯನ್ ಕಂಪೆನಿಗೆ ಎರಡು ಮಗ್ಗುಲು ನುಡಿಸಿದರು. ಕಾರ್ನೆಟ್ಟೂ ಕಂಠವೂ ಯಾರವೆಂಬುದು ಒಮ್ಮೆ ಕೇಳಿದವನಿಗೂ ತಿಳಿಯುವಂತಿದೆ. ಓಕೆ ಕಂಪೆನಿಯವರು ಆ ತಟ್ಟೆಯನ್ನು ಆತನ ಮುಂದೆಯೇ ಹಾಕಿ ಇದು ಯಾರೆಂದು ಕೇಳಲು, ಯಾರೋ ತನಗೆ ತಿಳಿಯದು, ಆದರೆ ಇನ್ನೊಮ್ಮೆ ಹೀಗಾಗದು ಎಂದನಂತೆ. ಇದು ರಸಿಕರು ಕೈಯಿಂದ ಕೈಗೆ ದಾಟಿಸಿದ ಕಥೆ. ಮಾತು ನಿಜವೋ ಸುಳ್ಳೋ, ತಟ್ಟೆಯಂತೂ ನಿಜ. ಅದೇ ದಿನ ಅದೇ ಕಂಪೆನಿಗೆ ಆರ್ಮ್‌ಸ್ಟ್ರಾಂಗನು ಅರ್ಸ್ಕಿನ್ ಟೇಟನ ದೊಡ್ಡ ಮೇಳದಲ್ಲಿಯೂ ನುಡಿಸಿದನು. ಆ ಮೇಳದ ಪಿಯಾನೊ ವಾದಕನ ಹೆಸರು ಟೆಡಿ ವೆದರ್‌ಫರ್ಡ್. ವಾಚಕರು ಈ ಹೆಸರನ್ನು ನೆನಪಿನಲ್ಲಿಡಬೇಕು. ಮುಂದೆ ಈತನು ನಮ್ಮ ದೇಶಕ್ಕೇ ಬರುತ್ತಾನೆ.

ಕಥೆಗಳ ಮಾತು ಬಂದುದರಿಂದ ಅವುಗಳ ತೂಕವನ್ನೂ ನೋಡಬೇಕು. ೧೯೨೬ರ ಫೆಬ್ರವರಿಯಲ್ಲಿ ‘ಹೀಬಿ ಜೀಬೀಸ್’ ಎಂಬ ಹಾಡನ್ನು ಹಾಡುತ್ತಿರುವಾಗ ಸಾಹಿತ್ಯದ ಹಾಳೆ ಆರ್ಮ್‌ಸ್ಟ್ರಾಂಗನ ಕೈಯಿಂದ ಜಾರಿ ಬಿದ್ದಿತು, ತಟ್ಟೆ ಕೆಡಬಾರದೆಂದು ಆತನು ಅರ್ಥವಿಲ್ಲದ ಅಕ್ಷರಗಳಿಂದ ಹಾಡನ್ನು ತುಂಬಿದನು, ಹೀಗೆ ಹೊಸದೊಂದು ಗಾಯನಕ್ರಮವೇ ಹುಟ್ಟಿತು ಎಂದು ಹೇಳುವುದುಂಟು. ಹೇಳಿದವನು ಸ್ವತಃ ಆರ್ಮ್‌ಸ್ಟ್ರಾಂಗನೇ. ಆದರೂ ರಸಿಕರು ಸುಮ್ಮನಿರಲಿಲ್ಲ. ಅದಕ್ಕಿಂತ ಮೊದಲಿನ ತಟ್ಟೆಗಳನ್ನು ತೆಗೆದು, ಆ ಬಗೆಯ ಗಾಯನವು ೧೯೨೬ಕ್ಕೆ ಮೊದಲೇ ಇದ್ದಿತೆಂದು ತೋರಿಸಿದರು. ಹಾಳೆ ಬಿದ್ದಿರಬಹುದು, ಗಾಯನಕ್ರಮ ಮಾತ್ರ ಅದರಿಂದ ಹುಟ್ಟಲಿಲ್ಲ. ಇದೇ ಆರ್ಮ್‌ಸ್ಟ್ರಾಂಗನು ತಾನು ೧೯೦೦ನೆಯ ಇಸವಿಯ ಜುಲೈ ೪ರಂದು, ಎಂದರೆ ಅಮೆರಿಕದ ಸ್ವಾತಂತ್ರ್ಯದಿನದಂದೇ, ಹುಟ್ಟಿದವನೆಂದು ಜೀವಮಾನವೆಲ್ಲ ಹೇಳಿದನು. ೧೯೭೧ರಲ್ಲಿ ಆತನು ತೀರಿಹೋದ ಬಳಿಕ, ೧೯೮೮ರಲ್ಲಿ, ಟ್ಯಾಡ್ ಜೋನ್ಸ್ ಎಂಬ ಸಂಶೋಧಕನು ನ್ಯೂ ಆರ್ಲಿಯನ್ಸಿನ ಇಗರ್ಜಿಯ ಜ್ಞಾನಸ್ನಾನದ ದಾಖಲೆಯಲ್ಲಿ ನಿಜವಾದ ದಿನವನ್ನು ಕಂಡನು: ೧೯೦೧, ಆಗಸ್ಟ್ ೪. ಹುಟ್ಟಿದ ದಿನವನ್ನು ಯಾರೂ ಬರೆದಿಡದ ಮನೆಯಲ್ಲಿ ಹುಟ್ಟಿದ ಬಾಲಕನು ನಾಡಿನ ಹಬ್ಬದ ದಿನವನ್ನು ತನ್ನದಾಗಿಸಿಕೊಂಡುದರಲ್ಲಿ ನಮಗೆ ತಪ್ಪು ಕಾಣುವುದಿಲ್ಲ. ಶಾಲೆಗೆ ಸೇರಿಸುವ ದಿನ ಮಾಸ್ತರರು ಬರೆದುದೇ ಜನ್ಮದಿನವಾದವರು ನಮ್ಮಲ್ಲಿಯೂ ಎಷ್ಟು ಮಂದಿಯಿಲ್ಲ!

ಇವೆಲ್ಲ ನಿರಪಾಯವಾದ ಪ್ರಸಂಗಗಳು. ಬಂಕ್ ಜಾನ್ಸನನ ಪ್ರಸಂಗವು ಹಾಗಲ್ಲ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನ್ಯೂ ಆರ್ಲಿಯನ್ಸಿನ ಮೊದಲ ಜಾಝ್ ವೀರನೆಂದು ಎಲ್ಲರೂ ಹೇಳುವ ಕಾರ್ನೆಟ್ ವಾದಕನು ಬಡಿ ಬೋಲ್ಡನ್. ಹುಟ್ಟಿದುದು ೧೮೭೭ರಲ್ಲಿ. ಚಿತ್ತಭ್ರಮೆಯಿಂದ ೧೯೦೭ರಲ್ಲಿ ಆಸ್ಪತ್ರೆಯನ್ನು ಸೇರಿದವನು ೧೯೩೧ರಲ್ಲಿ ಅಲ್ಲಿಯೇ ಸತ್ತನು. ಆತನ ನಾದವನ್ನು ಹಿಡಿದ ಒಂದು ಮುದ್ರಣವೂ ನಮಗೆ ದೊರೆತಿಲ್ಲ. ಮೇಣದ ಉರುಳೆಯೊಂದರಲ್ಲಿ ಆತನು ನುಡಿಸಿದ್ದನೆಂಬ ವದಂತಿಯನ್ನು ಹಿಡಿದು ರಸಿಕರು ದಶಕಗಳ ಕಾಲ ಅಟ್ಟಗಳನ್ನು ಶೋಧಿಸಿದರು. ಮೇಳದೊಡನೆ ಆತನಿರುವ ಒಂದೇ ಒಂದು ಛಾಯಾಚಿತ್ರವುಂಟು. ಅದನ್ನು ಅಚ್ಚು ಹಾಕುವಾಗ ಎಡಬಲ ಅದಲುಬದಲಾಗಿದೆಯೇ ಎಂಬುದರ ಮೇಲೆ, ವಾದಕರು ವಾದ್ಯ ಹಿಡಿದ ಕೈಗಳನ್ನು ನೋಡಿ ನೋಡಿ, ವಾದವು ನಡೆದೇ ಇದೆ.

೧೯೩೯ರಲ್ಲಿ ‘ಜಾಝ್‌ಮೆನ್’ ಎಂಬ ಗ್ರಂಥವನ್ನು ಸಿದ್ಧಪಡಿಸುತ್ತಿದ್ದ ರಸಿಕರ ಗುಂಪೊಂದು ಬೋಲ್ಡನನ್ನು ಕಂಡವರನ್ನು ಹುಡುಕುತ್ತಿತ್ತು. ಹಳೆಯ ವಾದಕರನ್ನು ವಿಚಾರಿಸಲಾಗಿ, ಲೂಸಿಯಾನಾದ ನ್ಯೂ ಐಬೀರಿಯ ಎಂಬ ಸಣ್ಣ ಊರಿನಲ್ಲಿ ಬಂಕ್ ಜಾನ್ಸನ್ ಎಂಬ ಮುದುಕನು ಕೂಲಿ ಮಾಡಿಕೊಂಡು ಜೀವಿಸಿರುವನೆಂದು ತಿಳಿಯಿತು. ಕಾಗದಗಳು ಹೋದುವು, ಬಂದುವು. ತನಗೆ ಹಲ್ಲೂ ಇಲ್ಲ, ವಾದ್ಯವೂ ಇಲ್ಲ, ಅವೆರಡೂ ಒದಗಿದರೆ ಇನ್ನೂ ನುಡಿಸಬಲ್ಲೆ ಎಂದು ಆತನು ಬರೆದನು. ರಸಿಕರು ಹಣ ಕೂಡಿಸಿದರು. ಪ್ರಖ್ಯಾತ ವಾದಕ ಸಿಡ್ನಿ ಬೆಷೆಯ ಅಣ್ಣನು ದಂತವೈದ್ಯನಾಗಿದ್ದನು. ಅವನು ಹಲ್ಲು ಕಟ್ಟಿಸಿಕೊಟ್ಟನು. ೧೯೪೨ರಲ್ಲಿ ಜಾನ್ಸನನ ಮೊದಲ ತಟ್ಟೆಗಳು ಮುದ್ರಿತವಾದುವು. ಮರೆಯಾಗಿದ್ದ ಮುದುಕನೊಬ್ಬನು ೧೯೪೫ರಲ್ಲಿ ನ್ಯೂಯಾರ್ಕಿನ ಸಭೆಗಳಲ್ಲಿ ನುಡಿಸಿದನು. ಇದು ಕೇವಲ ಸಣ್ಣ ಪ್ರಶ್ನೆಗಳ ಫಲ. ಇಷ್ಟಕ್ಕೇ ಕಥೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಕೇಳಿದವರಿಗೆ ಬೋಲ್ಡನನ ಸಮಕಾಲೀನನೇ ಬೇಕಾಗಿತ್ತು. ಮುದುಕನಿಗೆ ಅದು ತಿಳಿಯಿತು. ತಾನು ಹುಟ್ಟಿದುದು ೧೮೭೯ರಲ್ಲಿ, ೧೮೯೫ರಲ್ಲಿಯೇ ಬೋಲ್ಡನನ ಮೇಳದಲ್ಲಿದ್ದೆ ಎಂದನು. ಗ್ರಂಥವು ಅದನ್ನು ನಂಬಿತು. ಮುಂದಿನ ಸಂಶೋಧಕರು ಆತನ ಜನ್ಮವನ್ನು ೧೮೮೯ರ ಸುಮಾರಿಗೆ ಇಡುತ್ತಾರೆ. ಹಾಗಾದರೆ ೧೮೯೫ರಲ್ಲಿ ಆತನಿಗೆ ಆರು ವರ್ಷ! ಅದೇ ಗ್ರಂಥವು ಬೋಲ್ಡನನಿಗೆ ಒಂದು ಕ್ಷೌರದ ಅಂಗಡಿಯನ್ನೂ ‘ದಿ ಕ್ರಿಕೆಟ್’ ಎಂಬ ಒಂದು ಪತ್ರಿಕೆಯ ಸಂಪಾದಕತ್ವವನ್ನೂ ದಯಪಾಲಿಸಿತ್ತು. ಸುಮಾರು ನಾಲ್ವತ್ತು ವರ್ಷ ಜಾಝ್ ಪುಸ್ತಕಗಳೆಲ್ಲ ಅದನ್ನೇ ನಕಲು ಮಾಡಿದುವು. ಡೊನಾಲ್ಡ್ ಮಾರ್ಕ್ವಿಸ್ ಎಂಬವನು ನಗರದ ದಾಖಲೆಗಳನ್ನೂ ಆಸ್ಪತ್ರೆಯ ಕಡತಗಳನ್ನೂ ಒಂದೊಂದಾಗಿ ಬಿಡಿಸಿ ೧೯೭೮ರಲ್ಲಿ ಗ್ರಂಥ ಬರೆದಾಗ ಅಂಗಡಿಯೂ ಪತ್ರಿಕೆಯೂ ಮಾಯವಾದುವು.

ಜಾನ್ಸನನನ್ನು ಸುಳ್ಳುಗಾರನೆಂದು ತಳ್ಳಿಹಾಕುವವರು ಉಂಟು. ಅದು ನಮಗೆ ನ್ಯಾಯವಾಗಿ ತೋರುವುದಿಲ್ಲ. ಹಲ್ಲಿಲ್ಲದೆ ವಾದ್ಯವಿಲ್ಲದೆ ಗದ್ದೆಯಲ್ಲಿ ದುಡಿಯುತ್ತಿದ್ದವನ ಬಳಿಗೆ ದೂರದ ನಗರದ ವಿದ್ಯಾವಂತರು ಬಂದು, ನೀನು ಬೋಲ್ಡನನೊಡನೆ ನುಡಿಸಿದವನಲ್ಲವೇ ಎಂದು ಕೇಳಿದರೆ, ಅಲ್ಲವೆನ್ನುವ ಶಕ್ತಿ ಎಷ್ಟು ಜನರಿಗಿದೆ? ಪ್ರಶ್ನೆಯೊಳಗೇ ಉತ್ತರವಿಟ್ಟು ಕೇಳಿದವರ ಪಾಲೂ ಆ ಸುಳ್ಳಿನಲ್ಲಿದೆ. ನಮ್ಮ ಶಾಲೆಗಳ ಮಕ್ಕಳು ಅಜ್ಜಿಯರ ಬಳಿ ಕುಳಿತು ಊರಿನ ಹಳೆಯ ಸಂಗತಿಗಳನ್ನು ಬರೆದುಕೊಳ್ಳುವಾಗ, “ಆಗ ಏನು ನಡೆಯಿತು?” ಎಂದು ಕೇಳುವುದಕ್ಕೂ “ಆಗ ಹೀಗೆಯೇ ನಡೆಯಿತಲ್ಲವೇ?” ಎಂದು ಕೇಳುವುದಕ್ಕೂ ಇರುವ ವ್ಯತ್ಯಾಸವನ್ನು ಅಧ್ಯಾಪಕರು ಈ ಪ್ರಸಂಗದಿಂದ ತಿಳಿಸಬಹುದು.

ರಸಿಕರ ಅತಿಪ್ರೀತಿಯು ಬೇರೊಂದು ರೀತಿಯಲ್ಲಿಯೂ ಸಂಗೀತವನ್ನು ಉಳಿಸಿದೆ. ೧೯೪೨ರ ಆಗಸ್ಟಿನಲ್ಲಿ ಅಮೆರಿಕದ ವಾದಕರ ಸಂಘವು ಕಂಪೆನಿಗಳೊಡನೆ ಜಗಳವಾಡಿ ಮುದ್ರಣವನ್ನೇ ನಿಲ್ಲಿಸಿತು. ದೊಡ್ಡ ಕಂಪೆನಿಗಳಾದ ವಿಕ್ಟರ್ ಮತ್ತು ಕೊಲಂಬಿಯಾ ಒಪ್ಪಂದಕ್ಕೆ ಬರುವಾಗ ೧೯೪೪ರ ನವೆಂಬರ್ ಆಗಿತ್ತು. ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದವರು ಹೊಸ ಶೈಲಿಯೊಂದನ್ನು ಕಟ್ಟುತ್ತಿದ್ದ ವರ್ಷಗಳು ಅವೇ. ಆದುದರಿಂದ ಆ ಶೈಲಿಯ ಶೈಶವವು ತಟ್ಟೆಗಳಲ್ಲಿ ಬಹಳ ಮಟ್ಟಿಗೆ ಇಲ್ಲವೇ ಇಲ್ಲ. ಇಂತಹ ನಷ್ಟವನ್ನು ಸಹಿಸದ ಸ್ವಭಾವದವನು ಡೀನ್ ಬೆನೆಡೆಟ್ಟಿ. ಈತನು ೧೯೪೭-೪೮ರಲ್ಲಿ ಪಾರ್ಕರನು ನುಡಿಸುವ ಕಡೆಗೆಲ್ಲ ಯಂತ್ರ ಹೊತ್ತು ಹೋಗಿ ಮುದ್ರಿಸಿಕೊಂಡನು. ಪಾರ್ಕರನ ಸರದಿ ಮುಗಿದೊಡನೆ ಯಂತ್ರವನ್ನು ನಿಲ್ಲಿಸುತ್ತಿದ್ದನು. ಉಳಿದವರ ನಾದ ಅವನಿಗೆ ಬೇಡ. ಈ ಮುದ್ರಣಗಳು ಕಳೆದುಹೋದುವೆಂದೂ ಅವು ಉಕ್ಕಿನ ತಂತಿಯ ಮೇಲೆ ಮುದ್ರಿತವಾಗಿದ್ದುವೆಂದೂ ರಸಿಕರು ನಾಲ್ವತ್ತು ವರ್ಷ ಹೇಳಿಕೊಂಡು ಬಂದರು. ಅವು ಸಿಕ್ಕಿ ೧೯೯೦ರಲ್ಲಿ ಪ್ರಕಟವಾದಾಗ ತಂತಿಯ ಸುದ್ದಿಯೂ ಸುಳ್ಳಾಯಿತು. ಇದ್ದುವು ತಟ್ಟೆಗಳು, ಮತ್ತು ಕಾಗದದ ಟೇಪು.

ಪಾರ್ಕರನೇ ಆ ‘ಚಾರ್ಲಿ ಚಾನ್’. ೧೯೫೩ರ ಮೇ ೧೫ರಂದು ಟೊರಾಂಟೊ ನಗರದ ಮ್ಯಾಸಿ ಹಾಲ್‌ನಲ್ಲಿ ಪಾರ್ಕರ್, ಗಿಲೆಸ್ಪಿ, ಬಡ್ ಪೊವೆಲ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಎಂಬ ಐವರು ಒಟ್ಟಿಗೆ ನುಡಿಸಿದರು. ಅದೇ ರಾತ್ರಿ ಹೆಸರುವಾಸಿಯಾದ ಮುಷ್ಟಿಯುದ್ಧವೊಂದು ನಡೆದುದರಿಂದ ಸಭಾಂಗಣದ ಆಸನಗಳು ಬಹಳಷ್ಟು ಬರಿದಾಗಿದ್ದುವು. ಪಾರ್ಕರನ ಕೈಯಲ್ಲಿದ್ದುದು ಇಂಗ್ಲೆಂಡಿನಲ್ಲಿ ತಯಾರಾದ ಪ್ಲಾಸ್ಟಿಕ್ ಸ್ಯಾಕ್ಸೊಫೋನ್. ಬೇರೊಂದು ಕಂಪೆನಿಯ ಕರಾರಿನಿಂದಾಗಿ ತಟ್ಟೆಯ ಮೇಲೆ ಆತನ ನಿಜನಾಮವನ್ನು ಹಾಕುವಂತಿರಲಿಲ್ಲ. ಮಿಂಗಸನ ಬಾಸ್ ವಾದ್ಯವು ಸರಿಯಾಗಿ ಕೇಳಿಸದುದರಿಂದ ಆತನು ಊರಿಗೆ ಮರಳಿದ ಮೇಲೆ ತನ್ನ ಭಾಗವನ್ನು ಮತ್ತೆ ನುಡಿಸಿ ಸೇರಿಸಿದನು. ಆ ಪ್ಲಾಸ್ಟಿಕ್ ವಾದ್ಯವನ್ನು ೧೯೯೪ರಲ್ಲಿ ಲಂಡನ್ನಿನ ಹರಾಜಿನಲ್ಲಿ ಪಾರ್ಕರನ ಊರಾದ ಕಾನ್ಸಾಸ್ ಸಿಟಿಯವರು ಕೊಂಡರು.

‘ಕೈಂಡ್ ಆಫ್ ಬ್ಲೂ’ ಕುರಿತ ಪ್ರಶ್ನೆಗೂ ಉತ್ತರವನ್ನು ಹೇಳಿಬಿಡೋಣ. ಮೈಲ್ಸ್ ಡೇವಿಸನ ಆ ಮುದ್ರಿಕೆಯಲ್ಲಿ ಉಳಿದೆಡೆಗಳಲ್ಲಿ ಪಿಯಾನೊ ಬಿಲ್ ಎವಾನ್ಸನದು. ಎರಡನೆಯ ರಚನೆಯಲ್ಲಿ ಮಾತ್ರ ವಿಂಟನ್ ಕೆಲಿಯದು. ಮೊದಲ ಮೂರು ರಚನೆಗಳನ್ನು ಮುದ್ರಿಸಿದ ೧೯೫೯ರ ಮಾರ್ಚ್ ೨ರಂದು ಟೇಪಿನ ಯಂತ್ರವು ಸ್ವಲ್ಪ ನಿಧಾನವಾಗಿ ಓಡಿತ್ತು; ಆದುದರಿಂದ ಸರಿಯಾದ ವೇಗದಲ್ಲಿ ಕೇಳಿದಾಗ ಶ್ರುತಿಯು ಏರಿಬರುತ್ತದೆ. ತಟ್ಟೆಯೊಡನೆ ತಮ್ಮ ವಾದ್ಯವನ್ನು ಶ್ರುತಿಗೂಡಿಸಲು ಹೊರಟವರು ತಮ್ಮ ಕಿವಿಯನ್ನೇ ಸಂಶಯಿಸಿಕೊಂಡಿರಬೇಕು. ಸರಿಯಾದ ವೇಗದಲ್ಲಿ ಓಡಿದ್ದ ಎರಡನೆಯ ಯಂತ್ರದ ಟೇಪಿನಿಂದ ದೋಷವನ್ನು ತಿದ್ದಿದುದು ೧೯೯೨ರಲ್ಲಿ. ಅದರಲ್ಲಿಯೇ ‘ಬ್ಲೂ ಇನ್ ಗ್ರೀನ್’ ಎಂಬ ರಚನೆಯು ಡೇವಿಸನ ಹೆಸರಿನಲ್ಲಿದೆ. ಅದು ತನ್ನದೆಂದು ಎವಾನ್ಸನು ಹೇಳಿದ್ದನು. ಇಂತಹ ಚರ್ಚೆಯನ್ನು ಕ್ಷುಲ್ಲಕವೆನ್ನುವವರು ಒಂದನ್ನು ಗಮನಿಸಬೇಕು: ರಚನೆಯ ಗೌರವಧನವು ಹೋಗುವುದು ಅಚ್ಚಾದ ಹೆಸರಿಗೆ.

ಇನ್ನು ವೆದರ್‌ಫರ್ಡ್. ಷಿಕಾಗೊದಲ್ಲಿ ಆರ್ಮ್‌ಸ್ಟ್ರಾಂಗನೊಡನೆ ನುಡಿಸಿದ ಈತನು ಷಾಂಘಾಯಿಗೆ ಹೋಗಿ, ಅಲ್ಲಿಂದ ೧೯೩೦ರ ದಶಕದಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲಿಗೆ ಬಂದನು. ಯುದ್ಧದ ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ಮೇಳ ಕಟ್ಟಿ ಕೊಲಂಬಿಯಾ ಲೇಬಲ್ಲಿಗಾಗಿ ತಟ್ಟೆಗಳನ್ನು ಮಾಡಿದನು. ೧೯೪೫ರಲ್ಲಿ ಅಲ್ಲಿಯೇ ವಾಂತಿಭೇದಿಯಿಂದ ತೀರಿಹೋದನು. ಅಂದಿನ ಮುಂಬಯಿಯ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದವರಲ್ಲಿ ಅನೇಕರು ಗೋವೆಯವರು. ಅವರು ಬಳಿಕ ಹಿಂದಿ ಚಲಚ್ಚಿತ್ರಗಳ ವಾದ್ಯವೃಂದಗಳನ್ನು ಸೇರಿದರು. ಕೋಟ್ಯಂತರ ಜನರು ಅವರ ಕಹಳೆಯನ್ನು ಕೇಳಿದರೂ ತೆರೆಯ ಮೇಲೆ ಅವರ ಹೆಸರು ಬರುವುದು ಅಪೂರ್ವವಾಗಿತ್ತು. ಅಂತಹವರ ಹೆಸರುಗಳನ್ನು ಕೂಡಿಸಿ ನರೇಶ್ ಫರ್ನಾಂಡಿಸರು ೧೯೧೨ಕ್ಕೆ ಸರಿಯಾಗಿ ನೂರು ವರ್ಷಗಳ ತರುವಾಯ, ೨೦೧೨ರಲ್ಲಿ, ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಎಂಬ ಪುಸ್ತಕವನ್ನು ಬರೆದರು.

ರಸಿಕರ ಪ್ರಶ್ನೆಗಳ ಸರಪಣಿಯೊಂದು ನಮ್ಮ ಕರಾವಳಿಯನ್ನೂ ಮುಟ್ಟುತ್ತದೆ. ಮ್ಯಾಸಿ ಹಾಲ್‌ನ ಮಿಂಗಸನು ೧೯೫೯ರಲ್ಲಿ ಮುದ್ರಿಸಿದ ‘ಮಿಂಗಸ್ ಆಹ್ ಅಮ್’ನಲ್ಲಿ ಸ್ಯಾಕ್ಸೊಫೋನ್ ನುಡಿಸಿದವರಲ್ಲಿ ಜಾನ್ ಹ್ಯಾಂಡಿ ಒಬ್ಬನು. ೧೯೮೦ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅದೇ ಹ್ಯಾಂಡಿಯೊಡನೆ ವೇದಿಕೆಯೇರಿ ಅದೇ ವಾದ್ಯದಲ್ಲಿ ಕರ್ನಾಟಕ ರಾಗಗಳನ್ನು ನುಡಿಸಿದವರು ಬಂಟ್ವಾಳ ತಾಲೂಕಿನ ಸಜೀಪದವರಾದ, ೨೦೧೯ರಲ್ಲಿ ನಮ್ಮನ್ನಗಲಿದ ಕದ್ರಿ ಗೋಪಾಲನಾಥರು.

೨೦೦೫ರಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದಲ್ಲಿ ಹಳೆಯ ಟೇಪುಗಳನ್ನು ಹೊಸ ಯಂತ್ರಕ್ಕೆ ಇಳಿಸುತ್ತಿದ್ದ ಲ್ಯಾರಿ ಅಪಲ್‌ಬಾಮ್ ಎಂಬವನ ಕೈಗೆ ೧೯೫೭ರ ನವೆಂಬರ್ ೨೯ರ ಕಾರ್ನೆಗಿ ಹಾಲ್ ಕಚೇರಿಯ ಟೇಪು ಸಿಕ್ಕಿತು. ತೆಲೋನಿಯಸ್ ಮಂಕ್ ಮತ್ತು ಜಾನ್ ಕಾಲ್ಟ್ರೇನ್ ಒಟ್ಟಿಗೆ ನುಡಿಸಿದ ಮುದ್ರಣಗಳು ಅತಿ ಕಡಮೆಯಾದುದರಿಂದ ಅದು ಅದೇ ವರ್ಷ ಪ್ರಕಟವಾಯಿತು. ನಾಲ್ವತ್ತೆಂಟು ವರ್ಷ ಅದು ಕಪಾಟಿನಲ್ಲಿಯೇ ಇತ್ತು. ಇಂತಹುದೊಂದು ಸಿಕ್ಕಿದಾಗಲೆಲ್ಲ ಸೂಚಿಗಳನ್ನು ತಿದ್ದುತ್ತಾರೆ, ಹೊಸ ಹೆಸರುಗಳನ್ನು ಸೇರಿಸುತ್ತಾರೆ. ೧೯೨೦ರ ದಶಕದ ಪುಟಗಳನ್ನು ತಿರುವಿದರೆ ಕೆಲವು ಮೇಳಗಳ ಕೆಳಗೆ, ಕಾರ್ನೆಟ್ಟಿನ ಮುಂದೆಯೋ ಡೋಲಿನ ಮುಂದೆಯೋ, ‘ಅಜ್ಞಾತ’ ಎಂಬ ಪದವು ಇನ್ನೂ ಹಾಗೆಯೇ ಇದೆ.